ಸಭೆ ಕಟ್ಟಿಸಿದವನ ಪಾಲು

ಜೂಜಿನ ಪಾಪ ಯಾರ ತಲೆಗೆ ಎಂದರೆ ನಮ್ಮಲ್ಲಿ ಎರಡು ಉತ್ತರ ಸಿದ್ಧವಾಗಿವೆ. ಒಂದು ಧರ್ಮರಾಯನ ಚಟ, ಇನ್ನೊಂದು ಶಕುನಿಯ ದಾಳ. ಗದುಗಿನ ಭಾರತದ ದ್ಯೂತ ಪ್ರಸಂಗ ವಾಚನವಾದ ರಾತ್ರಿ ಕೇಳುಗರು ಇವೆರಡರಲ್ಲಿ ಒಂದನ್ನು ಹಿಡಿದು ಮನೆಗೆ ಹೋಗುತ್ತಾರೆ. ವ್ಯಾಖ್ಯಾನಕ್ಕೆ ಕೂರುವ ನನಗೆ ಎರಡೂ ಸಾಲವು. ಬೆಳಗಾವಿಯ ಕಾಲೇಜಿನಲ್ಲಿ ಸಂಭವನೀಯತೆಯ ಗಣಿತ ಕಲಿಸಿ ನಿವೃತ್ತನಾದವನು ನಾನು. ದಾಳ ನೆಟ್ಟಗಿದ್ದಿದ್ದರೆ ಆ ಆಟ ಧರ್ಮವಾಗುತ್ತಿತ್ತೇ ಎಂದು ಕೇಳದೆ ಮುಂದಿನ ಪದ್ಯಕ್ಕೆ ಹೋಗಲು ಮನಸ್ಸಾಗುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವನು. ಶನಿವಾರ ಮಧ್ಯಾಹ್ನ ಶಟರ್ ಎಳೆದು ಗೆಳೆಯರೊಂದಿಗೆ ಚೋರ್ಲಾ ಘಾಟ್ ಇಳಿದರೆ ಕತ್ತಲಾಗುವಷ್ಟರಲ್ಲಿ ಪಣಜಿ. ದಡದಿಂದ ಸಣ್ಣ ದೋಣಿ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಹಡಗಿಗೆ ಮುಟ್ಟಿಸುತ್ತದೆ. ಟಿಕೆಟ್ಟಿನಲ್ಲೇ ಊಟ, ಕುಡಿತ. "ಸರ, ಅಲ್ಲಿ ಮೋಸ ಇಲ್ರಿ. ಎಲ್ಲಾ ಕ್ಯಾಮೆರಾದಾಗ ಇರತೈತಿ. ನಮ್ಮ ಹಣೇಬರ ಅಷ್ಟ" ಎಂದ. ಎಷ್ಟು ಸೋತನೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯ ಅರ್ಧ ಕಪಾಟು ಖಾಲಿ ಇತ್ತು.

ಅವನು ಹೇಳಿದ್ದು ದಿಟ. ಅಲ್ಲಿ ಮೋಸದ ಅಗತ್ಯವೇ ಇಲ್ಲ. ರೂಲೆಟ್ ಚಕ್ರದಲ್ಲಿ 37 ಮನೆಗಳು: 1ರಿಂದ 36, ಜೊತೆಗೊಂದು ಸೊನ್ನೆ. ಒಂದೇ ಅಂಕಿಗೆ ಕಟ್ಟಿ ಗೆದ್ದವನಿಗೆ ಕಟ್ಟಿದ್ದರ 35 ಪಟ್ಟು ಕೊಡುತ್ತಾರೆ. ಲೆಕ್ಕ ಸಮವಾಗಬೇಕಾದರೆ 36 ಕೊಡಬೇಕು. ಆ ಒಂದು ಪಟ್ಟಿನಲ್ಲೇ ಮಾಲೀಕನ ಅನ್ನ. ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2.70 ಅವನದು. ಸಲಕ್ಕೆ ಸಾವಿರದಂತೆ ಗಂಟೆಗೆ 40 ಸಲ ಕಟ್ಟಿದವನು ಸರಾಸರಿ 1,081 ರೂಪಾಯಿ ಬಿಟ್ಟು ಏಳುತ್ತಾನೆ. ಅಮೆರಿಕದ ಚಕ್ರಗಳಲ್ಲಿ ಸಾಮಾನ್ಯವಾಗಿ ಎರಡು ಸೊನ್ನೆ. ಅಲ್ಲಿ 100ಕ್ಕೆ 5.26. ಇದರಲ್ಲಿ ಶಕುನಿಗೆ ಏನು ಕೆಲಸ?

ನನ್ನನ್ನು ಹೆಚ್ಚು ಕಾಡುವುದು 'ಹಣೇಬರ' ಎಂಬ ಅವನ ಮಾತು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ಚೆಂಡು ಬೆನ್ನುಬೆನ್ನಿಗೆ 26 ಸಲ ಕಪ್ಪಿನ ಮೇಲೆಯೇ ಬಿತ್ತು. ಇಷ್ಟು ಕಪ್ಪಾದ ಮೇಲೆ ಕೆಂಪು ಬರಲೇಬೇಕೆಂದು ಜನ ಮೇಲಿಂದ ಮೇಲೆ ಕೆಂಪಿಗೇ ಸುರಿದು ಲಕ್ಷಾಂತರ ಫ್ರಾಂಕ್ ಕಳೆದುಕೊಂಡರು. ಅನುಭವಿಸಿದ ಕಷ್ಟಕ್ಕೆ ಎಲ್ಲೋ ಜಮೆ ಇರುತ್ತದೆ, ಎಂದಾದರೂ ಸಂದಾಯವಾಗುತ್ತದೆ ಎಂದು ಕರ್ಮವನ್ನು ನಂಬಿದವರಿಗೆ ಈ ಎಡವು ಇನ್ನೂ ಸಲೀಸು. ಕರ್ಮ ಲೆಕ್ಕ ಇಡುತ್ತದೆಯೋ ಇಲ್ಲವೋ, ಚಕ್ರ ಇಡುವುದಿಲ್ಲ. ಅದಕ್ಕೆ ಹಿಂದಿನ ಸುತ್ತೇ ಗೊತ್ತಿಲ್ಲ.

ಭಾರತಕಾರನಿಗೆ ಇದರ ಸುಳಿವು ಇತ್ತು ಎಂದೇ ನನಗೆ ತೋರುತ್ತದೆ. ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜ ದಾರಿಬದಿಯ ತಾರೆ ಮರವೊಂದನ್ನು ನೋಡಿ ಅದರ ಎಲೆ, ಕಾಯಿಗಳೆಷ್ಟೆಂದು ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿದಾಗ ಲೆಕ್ಕ ಸರಿ ಬರುತ್ತದೆ. ಹಿಂದೆ ತಾರೆಕಾಯಿಯೇ ಜೂಜಿನ ಕಾಯಿ ಎಂಬುದನ್ನು ನೆನೆಯಬೇಕು. ಋತುಪರ್ಣ ಎಣಿಕೆಯ ಜೊತೆಗೆ ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನೂ ಕಲಿಸಿದ ಮೇಲೆಯೇ ಕಲಿ ನಳನ ಮೈಬಿಟ್ಟು ಇಳಿಯುತ್ತಾನೆ. ಹೋಮವಿಲ್ಲ, ಶಾಂತಿಯಿಲ್ಲ, ಲೆಕ್ಕ ತಿಳಿದದ್ದಕ್ಕೆ ಕಲಿ ಓಡಿದ. ಯುರೋಪಿನಲ್ಲಿ ಪಾಸ್ಕಲ್, ಫರ್ಮಾ ಜೂಜಿನ ಪ್ರಶ್ನೆಯ ಮೇಲೆ ಪತ್ರ ಬರೆದುಕೊಂಡು ಸಂಭವನೀಯತೆಗೆ ಅಡಿಪಾಯ ಹಾಕಿದ್ದು 1654ರಲ್ಲಿ. (ಅಕ್ಷಹೃದಯವನ್ನು ಆಮೇಲೆ ಧರ್ಮರಾಯನೂ ಕಲಿತ. ಕಲಿತು ವಿರಾಟನಿಗೆ ಜೂಜಿನ ಜೊತೆಗಾರನಾಗಿ ಸೇರಿದ!)

ಲೆಕ್ಕ ಗೊತ್ತಿಲ್ಲದವನದು ಮೌಢ್ಯ, ಒಪ್ಪೋಣ. ಲೆಕ್ಕ ಪೂರ್ತಿ ಗೊತ್ತಿದ್ದೂ ಸಭೆ ಕಟ್ಟಿಸಿದವನದು? ಸಭಾಪರ್ವವನ್ನು ನಿಧಾನವಾಗಿ ಓದಿದರೆ ಆಟಕ್ಕೆಂದೇ ಸಾವಿರ ಕಂಬದ ಸಭೆ ಎಬ್ಬಿಸಲು ಅಪ್ಪಣೆ ಕೊಟ್ಟವನು ಧೃತರಾಷ್ಟ್ರ. ಬೇಡವೆಂದ ವಿದುರನನ್ನೇ ಕರೆಯಲು ಅಟ್ಟಿದವನೂ ಅವನೇ. ದ್ರೌಪದಿಯನ್ನು ಪಣಕ್ಕಿಟ್ಟಾಗ ಗೆದ್ದೆವೇ, ಗೆದ್ದೆವೇ ಎಂದು ಹಿಗ್ಗು ಮುಚ್ಚಲಾರದೆ ಕೇಳಿದವನೂ ಅವನೇ. ಅವನು ಒಂದು ದಾಳವನ್ನೂ ಮುಟ್ಟಿಲ್ಲ.

ರಾಜ್ಯ ಏನು ಮಾಡಬೇಕು ಎಂಬಲ್ಲಿ ನಮ್ಮ ಹಿರಿಯರು ಒಮ್ಮತದವರಲ್ಲ. ಜೂಜನ್ನು ರಾಜ್ಯದಿಂದಲೇ ಓಡಿಸು ಎಂದ ಮನು. ಕೌಟಿಲ್ಯ ದ್ಯೂತಾಧ್ಯಕ್ಷನನ್ನು ನೇಮಿಸಿ, ಆಟವನ್ನು ಒಂದೇ ಕಡೆ ಕೂರಿಸಿ, ಗೆದ್ದದ್ದರಲ್ಲಿ ನೂರಕ್ಕೆ ಐದು ಬೊಕ್ಕಸಕ್ಕೆ ಎಂದ. ಗುಟ್ಟಾಗಿ ಬದುಕುವವರ ಸುಳಿವು ಸಿಗಲಿ ಎಂಬ ಕಾರಣವನ್ನೂ ಕೊಟ್ಟ. ಲೋಕ ಹಿಡಿದದ್ದು ಕೌಟಿಲ್ಯನ ದಾರಿ. ವೆನಿಸ್ 1638ರಲ್ಲಿ ಸರ್ಕಾರದ ಒಪ್ಪಿಗೆಯ ಜೂಜಿನ ಮನೆ ತೆರೆದು, ತನ್ನ ಶ್ರೀಮಂತ ಮನೆತನಗಳೇ ಬರಿಗೈಯಾಗುವುದನ್ನು ಕಂಡು 1774ರಲ್ಲಿ ಮುಚ್ಚಿತು. ಮೊನಾಕೊ ಜಾಣತನ ತೋರಿತು: 1863ರಲ್ಲಿ ಕ್ಯಾಸಿನೊವನ್ನು ಫ್ರಾಂಸ್ವಾ ಬ್ಲಾಂ ಕೈಗೆ ಕೊಟ್ಟು, ಆ ದುಡ್ಡಿನ ಬಲದಿಂದ 1869ರಲ್ಲಿ ಆದಾಯ ತೆರಿಗೆ ತೆಗೆದುಹಾಕಿತು. ಆದರೆ ಸ್ವಂತ ಪ್ರಜೆಗಳನ್ನು ಮೇಜಿನ ಹತ್ತಿರ ಬಿಡಲಿಲ್ಲ.

ಗೋವಾ ಹೋದದ್ದೂ ಅದೇ ದಾರಿ. 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲಿಗೆ ಸ್ಲಾಟ್ ಯಂತ್ರ, 1996ರಲ್ಲಿ ಹಡಗಿಗೆ ಮೇಜಿನಾಟ. 2020ರ ಫೆಬ್ರವರಿ 1ರಿಂದ ಗೋವಾದವರಿಗೆ ಮಾತ್ರ ಪ್ರವೇಶವಿಲ್ಲ. ನಮ್ಮ ಬೆಳಗಾವಿಯವರು ಬರಬಹುದು. ಮನೆಮಕ್ಕಳಿಗೆ ವಿಷವೆಂದು ಗೊತ್ತಿರುವುದನ್ನು ನೆರೆಯವರ ಮಕ್ಕಳಿಗೆ ಬಡಿಸುವುದಕ್ಕೆ ಯಾವ ಧರ್ಮಶಾಸ್ತ್ರದಲ್ಲಿ ಆಸರೆ ಸಿಕ್ಕೀತು? ನಾವೂ ಶುದ್ಧರೇನಲ್ಲ. ಕ್ಯಾಸಿನೊ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40. ಕೌಟಿಲ್ಯ ಐದಕ್ಕೇ ತೃಪ್ತನಾಗಿದ್ದ.

ಪಾಪದ ಪಾಲು ಹಂಚುವುದು ಕಷ್ಟವೇನಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದಾಟ ನಿಷೇಧಿಸಿ, ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು ಎಂದು ಬರೆಯಿತು. ಆಡುವವನನ್ನು ಅಪರಾಧಿಯೆಂದು ಎಣಿಸಲಿಲ್ಲ. ಧರ್ಮದ ದೃಷ್ಟಿಯಿಂದ ಅದೇ ಸರಿಯಾದ ತೀರ್ಪು. ಮಾಂಡೋವಿಯ ಹಡಗುಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ.