ಮಕ್ಕಳು ಯಾರ ಸೊತ್ತು?

2025ರ ಜನವರಿ ಒಂದನೇ ತಾರೀಕಿನ ಬೆಳಿಗ್ಗೆ. ಬೆಳ್ತಂಗಡಿ ಬಸ್ ನಿಲ್ದಾಣದ ಸಮೀಪದ ಚಿಕ್ಕ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಒಂದೇ ಪತ್ರಿಕೆ ಮೇಜಿನಿಂದ ಮೇಜಿಗೆ ದಾಟುತ್ತಿತ್ತು. ತನ್ನ ಮೂವರು ಮಕ್ಕಳನ್ನು ಕೊಂದ ತಂದೆಯೊಬ್ಬನಿಗೆ ಮಂಗಳೂರಿನ ನ್ಯಾಯಾಲಯ ಹಿಂದಿನ ದಿನ ಮರಣದಂಡನೆ ವಿಧಿಸಿತ್ತು. ಎಲ್ಲರ ಬಾಯಲ್ಲೂ ಅದೇ ಮಾತು.

"ಹಾಗೆಯೇ ಆಗಬೇಕು ಮಾರಾಯ್ರೇ. ಇಂಥವನನ್ನು ಗಲ್ಲಿಗೇರಿಸದೆ ಮತ್ತೆ ಯಾರನ್ನು ಏರಿಸುವುದು?" ಎಂದರು ನನ್ನ ಎದುರು ಕುಳಿತಿದ್ದ ಹಿರಿಯರು. ಹೌದೆಂದು ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಗ ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದು ಹೇಳಿದರು: "ಅವನೂ ಅದೇ ಬಾವಿಗೆ ಹಾರಿ ಸತ್ತಿದ್ದರೆ ನೀವೆಲ್ಲ 'ಪಾಪ' ಅಂತ ಹೇಳ್ತಿದ್ರಿ, ಅಲ್ವಾ?"

ಯಾರೂ ಉತ್ತರಿಸಲಿಲ್ಲ. ಮಾತು ಅಡಿಕೆಯ ಧಾರಣೆಯ ಕಡೆಗೆ ತಿರುಗಿತು. ಆದರೆ ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಘಟನೆ ನಡೆದದ್ದು ಮೂಡುಬಿದಿರೆಯಿಂದ ಪಶ್ಚಿಮಕ್ಕೆ, ಕಿನ್ನಿಗೋಳಿ ಸಮೀಪದ ಪದ್ಮನೂರಿನಲ್ಲಿ, 2022ರ ಜೂನ್ 23ರಂದು. ಶಾಲೆ ಮುಗಿಸಿ ಮನೆಗೆ ಬಂದ ಮಕ್ಕಳನ್ನು ತಂದೆ ಬಾವಿಗೆ ಎಸೆದ. ಆಮೇಲೆ ಬಂದ ಹೆಂಡತಿಯನ್ನೂ ಅದೇ ಬಾವಿಗೆ ತಳ್ಳಿದ. ಆಕೆಯನ್ನು ಜನರು ಮೇಲೆತ್ತಿ ಉಳಿಸಿದರು. ಮಕ್ಕಳು ಉಳಿಯಲಿಲ್ಲ. ಅವನು ಸರಿಯಾಗಿ ದುಡಿಯಲು ಹೋಗುತ್ತಿರಲಿಲ್ಲ, ಮನೆಯಲ್ಲಿ ದಿನವೂ ಜಗಳವಿತ್ತು ಎಂಬುದು ವಿಚಾರಣೆಯ ಕಾಲದ ವರದಿಗಳಿಂದ ತಿಳಿದುಬಂತು. ನಮ್ಮ ಜಿಲ್ಲೆಯಲ್ಲಿ ಬಾವಿಯಿಲ್ಲದ ಅಂಗಳ ಕಡಿಮೆ. "ಬಾವಿಕಟ್ಟೆಯ ಹತ್ತಿರ ಹೋಗಬೇಡ" ಎಂದು ಮಗುವಿಗೆ ಮೊದಲು ಹೇಳಿಕೊಡುವವರು ಅಪ್ಪ-ಅಮ್ಮಂದಿರೇ. ಅದೇ ಕೈ ಮಗುವನ್ನು ಎತ್ತಿ ಬಾವಿಗೆ ಹಾಕಿತು ಎಂದು ಓದುವಾಗ ಎದೆ ನಡುಗುವುದು ಸಹಜ.

ಆದರೆ ಅಕ್ಕ ಕೇಳಿದ್ದು ನಮ್ಮ ನಡುಕದ ಬಗ್ಗೆ ಅಲ್ಲ, ನಮ್ಮ ತಕ್ಕಡಿಯ ಬಗ್ಗೆ. ಸಾಲದ ಹೊರೆಯಿಂದಲೋ, ಮನೆಜಗಳದಿಂದಲೋ ತಂದೆಯೊಬ್ಬ ಮಕ್ಕಳಿಗೆ ವಿಷವುಣಿಸಿ ತಾನೂ ಕುಡಿದು ಸತ್ತರೆ ಮರುದಿನದ ಶೀರ್ಷಿಕೆ ಏನಿರುತ್ತದೆ? "ಒಂದೇ ಕುಟುಂಬದ ನಾಲ್ವರ ಆತ್ಮಹತ್ಯೆ." ನಾಲ್ಕು ವರ್ಷದ ಮಗು ಆತ್ಮಹತ್ಯೆ ಮಾಡಿಕೊಳ್ಳುತ್ತದೆಯೇ? ಅದಕ್ಕೆ ಸಾವು ಎಂದರೇನೆಂದೇ ಗೊತ್ತಿಲ್ಲ. ಅಪ್ಪ ಕೊಟ್ಟ ಲೋಟದಲ್ಲಿ ಹಾಲಿದೆ ಎಂದು ಅದು ಕುಡಿದಿರುತ್ತದೆ. ಅದು ಕೊಲೆ. ಆದರೂ ನಾವು ಆ ಮಗುವನ್ನು ತಂದೆಯ ಸಾವಿನ ಲೆಕ್ಕಕ್ಕೆ ಸೇರಿಸಿ, "ಪಾಪ, ಎಷ್ಟು ಕಷ್ಟವಿತ್ತೋ ಏನೋ" ಎಂದು ನಿಟ್ಟುಸಿರು ಬಿಡುತ್ತೇವೆ. ಅದೇ ತಂದೆ ಬದುಕುಳಿದು ಕಟಕಟೆಯಲ್ಲಿ ನಿಂತರೆ ಅವನು ರಾಕ್ಷಸ. ಮಗುವಿಗೆ ಆದದ್ದು ಎರಡೂ ಕಡೆ ಒಂದೇ. ಬದಲಾದದ್ದು ತಂದೆಯ ಗತಿ ಮಾತ್ರ. ಅಂದರೆ ನಮ್ಮ ಕನಿಕರವೂ ನಮ್ಮ ಕೋಪವೂ ತಂದೆಯ ಸುತ್ತಲೇ ತಿರುಗುತ್ತಿವೆ. ಮಗು ಎರಡರಲ್ಲೂ ಲೆಕ್ಕಕ್ಕಿಲ್ಲ.

ಯಾಕೆ ಹೀಗೆ? ನನ್ನ ಅನಿಸಿಕೆಯಲ್ಲಿ ಇದರ ಬೇರು ಒಂದು ಹಳೆಯ ನಂಬಿಕೆಯಲ್ಲಿದೆ. ಮಕ್ಕಳು ತಂದೆಯ ಸೊತ್ತು ಎಂಬುದೇ ಆ ನಂಬಿಕೆ. ಕೊಲ್ಲುವ ತಂದೆ ಅದನ್ನು ತುದಿಯವರೆಗೆ ಒಯ್ಯುತ್ತಾನೆ. ಉಳಿದವರು ಅಷ್ಟು ದೂರ ಹೋಗುವುದಿಲ್ಲ, ಆದರೆ ಹೊರಡುವ ಜಾಗ ಒಂದೇ. "ನನ್ನ ಮಕ್ಕಳನ್ನು ನಾನು ಏನು ಬೇಕಾದರೂ ಮಾಡುತ್ತೇನೆ, ಕೇಳಲು ನೀನು ಯಾರು?" ಎಂಬ ಮಾತನ್ನು ನಾವು ಎಷ್ಟು ಅಂಗಳಗಳಲ್ಲಿ ಕೇಳಿಲ್ಲ! "ಅವನ ಮಕ್ಕಳು, ಅವನ ಇಷ್ಟ" ಎಂದು ನಾವೇ ಎಷ್ಟು ಸಲ ಬಾಗಿಲು ಮುಚ್ಚಿಕೊಂಡಿಲ್ಲ!

ಪುರಾತನ ರೋಮಿನಲ್ಲಿ ಇದು ಬರೀ ಮಾತಾಗಿರಲಿಲ್ಲ, ಕಾನೂನೇ ಆಗಿತ್ತು. ಮಕ್ಕಳ ಬದುಕು-ಸಾವಿನ ಮೇಲೆ ಕುಟುಂಬದ ಯಜಮಾನನಿಗೆ ಅಧಿಕಾರವಿತ್ತು. ನಾಲ್ಕನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲಕ್ಕೆ ಮಗನನ್ನು ಕೊಂದ ತಂದೆಯನ್ನೂ ಘೋರ ಅಪರಾಧಿಗಳ ಸಾಲಿಗೆ ಸೇರಿಸಲಾಯಿತು. ಅರಬರಲ್ಲಿ ಹೆಣ್ಣು ಶಿಶುವನ್ನು ಜೀವಂತ ಹೂಳುವವರಿದ್ದರು. ನಮ್ಮ ತುಳುನಾಡಿನಲ್ಲೂ ಇಂಥದೊಂದು ನೆನಪು ಐತಿಹ್ಯವಾಗಿ ಉಳಿದಿದೆ. ಅಳಿಯಸಂತಾನ ಕಟ್ಟು ಹೇಗೆ ಬಂತು ಎಂದು ಹಿರಿಯರು ಹೇಳುವ ಕಥೆ ಅದು. ದೇವಪಾಂಡ್ಯ ಎಂಬ ಅರಸನ ಹಡಗು ಹೊರಡಬೇಕಾದರೆ ನರಬಲಿ ಬೇಕೆಂದು ಕುಂಡೋದರ ಎಂಬ ಭೂತ ಕೇಳಿತು. ಅರಸ ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡಲು ಮುಂದಾದ. ಹೆಂಡತಿ ಒಪ್ಪಲಿಲ್ಲ. ಅರಸನ ತಂಗಿ ತನ್ನ ಮಗನನ್ನು ಕೊಡಲು ಬಂದಳು. ಭೂತ ಮೆಚ್ಚಿ ಬಲಿಯನ್ನು ಬಿಟ್ಟಿತು. ಆಸ್ತಿಯ ಹಕ್ಕು ಹೆಂಡತಿಯ ಮಕ್ಕಳಿಂದ ತಪ್ಪಿ ತಂಗಿಯ ಮಗನಿಗೆ, ಅಂದರೆ ಅಳಿಯನಿಗೆ, ಹೋಯಿತು.

ಈ ಕಥೆಯಲ್ಲಿ ತಂಗಿಯನ್ನು ಹೊಗಳುತ್ತಾರೆ, ಹೆಂಡತಿಯನ್ನು ಸ್ವಾರ್ಥಿ ಎನ್ನುತ್ತಾರೆ. ಆದರೆ ಇಂದು ಓದುವಾಗ ನನಗೆ ಆ ಹೆಂಡತಿಯೇ ದೊಡ್ಡವಳಾಗಿ ಕಾಣುತ್ತಾಳೆ. ಅರಸನೂ ಭೂತವೂ ಎದುರು ನಿಂತಿರುವಾಗ "ನನ್ನ ಮಗು ನಿಮ್ಮ ಹಡಗಿನ ಬೆಲೆಯಲ್ಲ" ಎಂದು ನಿರಾಕರಿಸಿದವಳು ಅವಳೊಬ್ಬಳೇ. ಅದಕ್ಕಾಗಿ ಅವಳು ಆಸ್ತಿ ಕಳೆದುಕೊಂಡಳು. ಮಕ್ಕಳನ್ನು ಉಳಿಸಿಕೊಂಡಳು.

ಪ್ರವಾದಿ ಇಬ್ರಾಹೀಮರ ಬಲಿಯ ಪ್ರಸಂಗವನ್ನು ಇಲ್ಲಿ ಯಾರಾದರೂ ನೆನಪಿಸಬಹುದು. ಪ್ರತಿ ಬಕ್ರೀದ್‌ಗೆ ನಾವು ಕೇಳುವ ಆ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಕುರ್‌ಆನಿನ ನಿರೂಪಣೆಯಲ್ಲಿ ತಂದೆ ಮಗನೊಡನೆ ಕನಸನ್ನು ಹೇಳಿ ಅವನ ಅಭಿಪ್ರಾಯವನ್ನು ಕೇಳುತ್ತಾರೆ. ಎರಡನೆಯದಾಗಿ, ಆ ಬಲಿ ನಡೆಯುವುದೇ ಇಲ್ಲ, ಕತ್ತಿ ತಡೆಯಲ್ಪಡುತ್ತದೆ. ತಂದೆಯ ಭಕ್ತಿಯ ಪರೀಕ್ಷೆಗೂ ಮಗುವಿನ ರಕ್ತ ಬೇಡ ಎಂದ ಮೇಲೆ ತಂದೆಯ ಸಾಲಕ್ಕೆ, ಅವಮಾನಕ್ಕೆ, ಸಿಟ್ಟಿಗೆ ಅದು ಬೇಕೇ?

ಬಡತನದ ಕಾರಣಕ್ಕೆ ಮಕ್ಕಳನ್ನು ಕೊಲ್ಲಬಾರದೆಂಬ ಆಜ್ಞೆ ಕುರ್‌ಆನಿನಲ್ಲಿ ಎರಡು ಕಡೆ ಬರುತ್ತದೆ. ಅನ್‌ಆಮ್ ಅಧ್ಯಾಯದ 151ನೇ ವಚನದಲ್ಲಿ ಒಮ್ಮೆ, ಬನೀ ಇಸ್ರಾಈಲ್ ಅಧ್ಯಾಯದ 31ನೇ ವಚನದಲ್ಲಿ ಇನ್ನೊಮ್ಮೆ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯದು ಈಗಲೇ ಬಡತನದಲ್ಲಿರುವವನನ್ನು ಕುರಿತದ್ದು. ಅಲ್ಲಿ ಅನ್ನದ ಭರವಸೆ ಮೊದಲು ತಂದೆತಾಯಿಗೆ, ಆಮೇಲೆ ಮಕ್ಕಳಿಗೆ. ಎರಡನೆಯದು ಮುಂದೆ ಬಡತನ ಬಂದೀತೆಂದು ಅಂಜುವವನನ್ನು ಕುರಿತದ್ದು. ಅಲ್ಲಿ ಕ್ರಮ ತಿರುಗಿ ಮಕ್ಕಳ ಅನ್ನದ ಮಾತು ಮೊದಲು ಬರುತ್ತದೆ. ವ್ಯಾಖ್ಯಾನಕಾರರು ಗುರುತಿಸಿರುವ ಈ ಸಣ್ಣ ವ್ಯತ್ಯಾಸದಲ್ಲಿ ದೊಡ್ಡ ವಿಚಾರವಿದೆ. ಮಗುವಿನ ನಾಳೆ ತಂದೆಯ ನಾಳೆಗೆ ಕಟ್ಟಿದ ಬಾಲವಲ್ಲ. ಅದಕ್ಕೆ ಅದರದೇ ಪಾಲಿದೆ. "ನಾನಿಲ್ಲದೆ ಇವರ ಗತಿಯೇನು?" ಎಂಬ ತಂದೆಯ ಪ್ರಶ್ನೆ ಪ್ರೀತಿಯಂತೆ ಕಾಣುತ್ತದೆ. ಆದರೆ ತಾನಿಲ್ಲದೆ ಅವರಿಗೆ ಬದುಕೇ ಇಲ್ಲ ಎಂದು ತೀರ್ಮಾನಿಸಿದಾಗ ಅದು ಅಹಂಕಾರವಾಗುತ್ತದೆ. ಪ್ರವಾದಿ ಮುಹಮ್ಮದ್(ಸ) ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡವರು. ಅಜ್ಜಿಯ, ಮಾವನ, ನೆರೆಯವರ ಆಸರೆಯಲ್ಲಿ ಬೆಳೆದು ಸಂಸಾರ ಕಟ್ಟಿದ ಅನಾಥರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅನಾಥತನ ದುಃಖ ನಿಜ, ಆದರೆ ಅದು ಮರಣದಂಡನೆಯಲ್ಲ.

ಇಲ್ಲಿ ನಮ್ಮದೇ ಪರಂಪರೆಯ ಒಂದು ಕಷ್ಟದ ಪ್ರಶ್ನೆಯನ್ನು ಮುಚ್ಚಿಡದೆ ಹೇಳಬೇಕು. ಮಗುವನ್ನು ಕೊಂದ ತಂದೆಗೆ ಪ್ರತೀಕಾರವಾಗಿ ಪ್ರಾಣದಂಡನೆ ಇಲ್ಲ ಎಂದು ಇಸ್ಲಾಮೀ ಕರ್ಮಶಾಸ್ತ್ರದ ಹೆಚ್ಚಿನ ವಿದ್ವಾಂಸರು ಒಂದು ಹದೀಸಿನ ಆಧಾರದಲ್ಲಿ ಹೇಳಿದ್ದಾರೆ. ಮಗು ಇರವಿಗೆ ಬರಲು ಕಾರಣನಾದವನ ಅಳಿವಿಗೆ ಮಗು ಕಾರಣವಾಗಬಾರದು ಎಂಬುದು ಅವರು ಕೊಟ್ಟ ಸಮರ್ಥನೆಗಳಲ್ಲೊಂದು. ಬೇಕೆಂದೇ ಕೊಂದದ್ದು ಸ್ಪಷ್ಟವಾಗಿದ್ದರೆ ತಂದೆಗೂ ಅದೇ ಶಿಕ್ಷೆ ಎಂದು ಇಮಾಮ್ ಮಾಲಿಕ್ ಭಿನ್ನವಾಗಿ ಹೇಳಿದರು. ಬಹುಮತದ ಅಭಿಪ್ರಾಯವನ್ನು ಓದಿ "ಹಾಗಾದರೆ ತಂದೆಗೆ ಹಕ್ಕಿದೆ" ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅವನು ಪರಿಹಾರಧನ ತೆರಬೇಕು, ಆಡಳಿತ ಅವನಿಗೆ ಬೇರೆ ಶಿಕ್ಷೆ ಕೊಡಬಹುದು, ಮಗುವಿನ ಆಸ್ತಿಯಲ್ಲಿ ಅವನಿಗೆ ಪಾಲಿಲ್ಲ ಎಂದು ಅದೇ ವಿದ್ವಾಂಸರು ಹೇಳಿದ್ದಾರೆ. ಸೊತ್ತಿನ ಒಡೆಯನಿಗೆ ಯಾರೂ ಪರಿಹಾರ ತೆರಲು ಹೇಳುವುದಿಲ್ಲ. ಅವನು ಒಡೆಯನಲ್ಲ, ಅಮಾನತ್ತನ್ನು ಕಾಯಬೇಕಾದವನು. ಇಟ್ಟವನಿಗೆ ಲೆಕ್ಕ ಒಪ್ಪಿಸಬೇಕಾದವನು.

ಈಗ ನ್ಯಾಯಾಲಯಕ್ಕೆ ಬರೋಣ. ಸೆಷನ್ಸ್ ನ್ಯಾಯಾಲಯ ವಿಧಿಸಿದ ಮರಣದಂಡನೆ ಹೈಕೋರ್ಟ್ ದೃಢೀಕರಿಸದೆ ಜಾರಿಯಾಗುವುದಿಲ್ಲ. 1980ರ ಬಚನ್ ಸಿಂಗ್ ತೀರ್ಪಿನ ನಂತರ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂಬುದು ನಿಯಮ. ಕೃತ್ಯ ಎಷ್ಟು ಘೋರ ಎಂದು ನೋಡಿದರೆ ಸಾಲದು, ಆ ಮನುಷ್ಯ ಯಾರು, ಅವನು ತಿದ್ದಿಕೊಳ್ಳಲು ಸಾಧ್ಯವೇ ಎಂಬುದನ್ನೂ ನೋಡಬೇಕು.

ನಮ್ಮ ಜಿಲ್ಲೆಯದೇ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರಲ್ಲಿ ಬ್ಯಾಂಕ್ ಮ್ಯಾನೇಜರರೊಬ್ಬರು ಅತ್ತೆಯನ್ನೂ ನಾದಿನಿಯನ್ನೂ ಕೊಂದು, ಬಳಿಕ ತಮ್ಮ ಇಬ್ಬರು ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಕೊಂದಿದ್ದರು. ಒಂದು ಮಗುವಿಗೆ ಹತ್ತು ವರ್ಷ, ಇನ್ನೊಂದಕ್ಕೆ ಮೂರೂವರೆ. ನಾದಿನಿ ತನ್ನಿಷ್ಟದವನನ್ನು ಮದುವೆಯಾಗಲು ಬಯಸಿದ್ದು ಸಿಟ್ಟಿನ ಮೂಲ ಎಂಬುದು ಆರೋಪವಾಗಿತ್ತು. ಹೈಕೋರ್ಟ್ ಎತ್ತಿಹಿಡಿದಿದ್ದ ಮರಣದಂಡನೆಯನ್ನು 2025ರ ಫೆಬ್ರವರಿ 13ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್, ಸಂಜಯ್ ಕರೋಲ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಬದಲಾಯಿಸಿತು. ಹಿಂದೆ ಅಪರಾಧದ ಇತಿಹಾಸವಿಲ್ಲದಂಥ ಅಂಶಗಳನ್ನು ಕೆಳಗಿನ ನ್ಯಾಯಾಲಯಗಳು ಸಾಕಷ್ಟು ಪರಿಗಣಿಸಿಲ್ಲ ಎಂದಿತು. ಗಲ್ಲು ಹೋಯಿತು, ಬಿಡುಗಡೆಯೂ ಇಲ್ಲ. ಕೊನೆಯುಸಿರಿನವರೆಗೆ ಜೈಲು.

ಈ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡಿ. ಒಬ್ಬ ಕೆಲಸವಿಲ್ಲದೆ ಅಲೆದವನು, ಇನ್ನೊಬ್ಬರು ಸಂಬಳವೂ ಹುದ್ದೆಯೂ ಇದ್ದವರು. ಒಂದರಲ್ಲಿ ಮನೆಯ ಜಗಳ, ಇನ್ನೊಂದರಲ್ಲಿ ಹೆಣ್ಣೊಬ್ಬಳ ಆಯ್ಕೆಯನ್ನು ಸಹಿಸಲಾಗದ ಸಿಟ್ಟು. ಬಡತನವೊಂದೇ ಕಾರಣ ಎಂದು ಹೇಳಿ ನಾವು ಜಾರಿಕೊಳ್ಳುವಂತಿಲ್ಲ. ಎರಡರಲ್ಲೂ ದೊಡ್ಡವರ ಜಗಳದ ಬೆಲೆ ತೆತ್ತವರು ಮಕ್ಕಳು.

ಗಲ್ಲೋ ಜೀವಾವಧಿಯೋ ಎಂಬ ಚರ್ಚೆಯಲ್ಲಿ ನಾನು ಸುಪ್ರೀಂ ಕೋರ್ಟಿನ ದಾರಿಯ ಕಡೆಗಿದ್ದೇನೆ. ಕೃತ್ಯ ಸಣ್ಣದೆಂಬ ಕಾರಣಕ್ಕಲ್ಲ. ಅವನನ್ನು ಗಲ್ಲಿಗೇರಿಸಿದ ದಿನ ನಾವೆಲ್ಲ ನಿರಾಳರಾಗುತ್ತೇವೆ. ರಾಕ್ಷಸ ಹೋದ, ಉಳಿದ ನಾವು ಒಳ್ಳೆಯ ಅಪ್ಪಂದಿರು ಎಂದುಕೊಳ್ಳುತ್ತೇವೆ. ಆ ನಿರಾಳತೆ ನಮಗೆ ಸಲ್ಲುವುದಿಲ್ಲ. ತಾನು ಮಾಡಿದ್ದರೊಡನೆ ಅವನು ಬದುಕಲಿ. ಅವನು ಬದುಕಿರುವವರೆಗೆ ನಾವೂ ಆ ಪ್ರಶ್ನೆಯೊಡನೆ ಬದುಕೋಣ. ಇದನ್ನು ಒಪ್ಪದವರಿರಬಹುದು. ಆ ತಾಯಿಯೇ ಒಪ್ಪದಿದ್ದರೆ ಅವಳೆದುರು ವಾದಿಸುವ ಧೈರ್ಯ ನನಗಿಲ್ಲ.

ಆದರೆ ಶಿಕ್ಷೆಗಿಂತಲೂ ಮುಖ್ಯವಾದದ್ದು ವಿಚಾರಣೆ ಎಂದು ನನಗನಿಸುತ್ತದೆ. ಅಂಗಳದಲ್ಲಿ "ಅವನ ಮಕ್ಕಳು" ಆಗಿದ್ದವರು ಆರೋಪಪಟ್ಟಿಯಲ್ಲಿ ತಮ್ಮದೇ ಹೆಸರು, ವಯಸ್ಸುಗಳೊಡನೆ ಬರುತ್ತಾರೆ. ಮೂರು ಮಕ್ಕಳೆಂದರೆ ಮೂರು ಕೊಲೆ. "ಕುಟುಂಬ" ಎಂದು ಒಟ್ಟುಗೂಡಿಸಿ ಬರೆಯುವಂತಿಲ್ಲ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನೇ, ಯಾವ ತಪ್ಪಿಗಾಗಿ ನಿನ್ನನ್ನು ಕೊಂದರು ಎಂದು ಅಂತಿಮ ದಿನ ಕೇಳಲಾಗುವುದು ಎಂದು ಕುರ್‌ಆನ್ ಎಚ್ಚರಿಸುತ್ತದೆ. ಅಲ್ಲಿ ತಂದೆಯ ಸಬೂಬುಗಳಿಗೆ ಮೊದಲ ಸ್ಥಾನವಿಲ್ಲ. ಮೊದಲ ಮಾತು ಮಗುವಿನದು. ಭೂಮಿಯ ಮೇಲೆ ನ್ಯಾಯಾಲಯ ಮಾಡಬಹುದಾದ ಅತ್ಯುತ್ತಮ ಕೆಲಸವೂ ಅದೇ.

ಹಾಗಾದರೆ ನಾವು ಮಾಡಬೇಕಾದದ್ದೇನು? "ಮಕ್ಕಳನ್ನು ಕೊಂದು ನಾನೂ ಸಾಯುತ್ತೇನೆ" ಎಂಬ ಮಾತು ಪಕ್ಕದ ಮನೆಯಿಂದ ಕೇಳಿದರೆ ಅದನ್ನು ಸಿಟ್ಟಿನ ಮಾತೆಂದು ಬಿಡಬಾರದು. ಅದು ಕೊಲೆ ಬೆದರಿಕೆ. ಮಕ್ಕಳ ಸಹಾಯವಾಣಿ 1098 ಇದೆ. ಅಂಥ ಯೋಚನೆ ಬಂದ ತಂದೆತಾಯಿಗೆ ಮಾನಸಿಕ ನೆರವಿನ 14416 ಇದೆ. ಮಸೀದಿ, ದೇವಸ್ಥಾನ, ಇಗರ್ಜಿಗಳಲ್ಲಿ ತಂದೆತಾಯಿಗೆ ಮಕ್ಕಳು ಮಾಡಬೇಕಾದ ಸೇವೆಯ ಬಗ್ಗೆ ಉಪದೇಶ ಧಾರಾಳವಾಗಿ ನಡೆಯುತ್ತದೆ. ಮಕ್ಕಳಿಗೆ ತಂದೆತಾಯಿ ಕೊಡಬೇಕಾದ ಲೆಕ್ಕದ ಬಗ್ಗೆಯೂ ಅಷ್ಟೇ ಹೇಳಲಿ. ನಮ್ಮ ಪತ್ರಿಕೆಗಳು "ಕುಟುಂಬದ ಆತ್ಮಹತ್ಯೆ" ಎಂಬ ಪದವನ್ನು ಬಿಟ್ಟುಬಿಡಲಿ.

ಮೊನ್ನೆ ಅದೇ ಹೋಟೆಲಿಗೆ ಹೋಗಿದ್ದೆ. ಅಕ್ಕನೊಡನೆ ಆ ದಿನದ ಮಾತನ್ನು ನೆನಪಿಸಿದೆ. ಅವರಿಗೆ ಅದು ಮರೆತೇಹೋಗಿತ್ತು. "ಹಾಗೆ ಹೇಳಿದ್ದೆನಾ?" ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಮಕ್ಕಳ ತಾಯಿ ಈಗ ಎಲ್ಲಿದ್ದಾಳೆ?"

ಒಂದು ವರ್ಷ ಈ ಪ್ರಕರಣದ ಬಗ್ಗೆ ಯೋಚಿಸಿದ ನಾನು ಅದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.