ಏನರೆ ಮಾಡು

"ರಾತ್ರಿ ಊಟಕ್ಕ ಏನ್ ಮಾಡ್ಲಿ?" ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಏನರೆ ಮಾಡು." ಕೇಳಲು ಎಷ್ಟು ಉದಾರ! ಹಟವಿಲ್ಲ, ಬೇಡಿಕೆಯಿಲ್ಲ. ಆದರೆ ಹಾಗೆಂದವನು ನಿಜಕ್ಕೂ ತನ್ನ ಆಸೆಯನ್ನು ಬಿಟ್ಟುಕೊಟ್ಟನೋ, ಯೋಚಿಸುವ ತ್ರಾಸನ್ನು ಇನ್ನೊಬ್ಬರ ತಲೆಗೆ ದಾಟಿಸಿದನೋ? ತಾಟಿನ ಮುಂದೆ ಕೂತು "ಇವತ್ತೂ ಬದನಿಕಾಯೇನ?" ಎಂದು ಅವನೇ ಗೊಣಗುವುದನ್ನು ಕಂಡರೆ ಎರಡನೆಯದೇ ಖರೆ ಅನಿಸುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ವಾರದ ಊಟದ ಲೆಕ್ಕ ಹಾಳೆಯ ಮೇಲೆ ಬರುವುದು ಅಪರೂಪ. ಅದು ಸಂತೆಚೀಲದಲ್ಲೇ ಇರುತ್ತದೆ. ಬೇಗ ಬಾಡುವ ಮೆಂತ್ಯ, ರಾಜಗಿರಿ ಮೊದಲು ತೀರಬೇಕು, ಆಮೇಲೆ ಬದನೆ ಎಣ್ಣೆಗಾಯಿ, ವಾರದ ಕೊನೆಗೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದ ಮಡಿಕೆಕಾಳು ಇಲ್ಲವೇ ಝುಣಕ, ಅದೂ ಆಗದ ರಾತ್ರಿ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ದುಡಿಯುವವರ ಮನೆಯಲ್ಲಂತೂ ಇದರ ಮೇಲೆ ಇನ್ನೊಂದು ಲೆಕ್ಕ: ಯಾರು ಎಷ್ಟೊತ್ತಿಗೆ ಉಣ್ಣುತ್ತಾರೆ, ಯಾರಿಗೆ ಬಿಸಿರೊಟ್ಟಿ, ಯಾರಿಗೆ ಖಡಕ್ ರೊಟ್ಟಿ.

ಒಂದು ಕಾಲಕ್ಕೆ ಈ ಎರೆಹೊಲಗಳೇ ಊಟವನ್ನು ನಿರ್ಧರಿಸುತ್ತಿದ್ದವು. ಜೋಳ ಬಿಟ್ಟರೆ ಮಾತಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಾಗಿ, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಡೆ ಹರಿದ ಮೇಲೆ ಗದ್ದೆಗಳಾದವು, ಅನ್ನ ದಿನದ ಊಟವಾಯಿತು. ಒಳ್ಳೆಯದೇ. ಆದರೆ ಮಾವನಿಗೆ ಮೆತ್ತನೆಯ ರೊಟ್ಟಿ, ಮಗಳಿಗೆ ಅನ್ನ, ಇನ್ನೊಬ್ಬರಿಗೆ ಖಾರ ಕಡಿಮೆ ಎಂದು ಎಲ್ಲರ ನಾಲಿಗೆಯನ್ನೂ ನೆನಪಿಡುವ ಕೆಲಸ ಒಬ್ಬಳದೇ ಆಗಿ ಉಳಿಯಿತು. ಅವ್ವಗ ಯಾವ ಪಲ್ಯ ಸೇರ್ತದ ಎಂದರೆ ಎಷ್ಟು ಮಕ್ಕಳು ತಡವರಿಸದೆ ಹೇಳಿಯಾರು?

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸಿಕ್ಕದ್ದು 1915ರಲ್ಲಿ. ಅದೇ ದೊರೆ ದೂರದ ಗಿರಿನಾರದ ಬಂಡೆಯ ಮೇಲೆ ತನ್ನ ಅಡುಗೆಮನೆಯ ಸುದ್ದಿಯನ್ನೂ ಬರೆಸಿದ್ದಾನೆ: ಹಿಂದೆ ಅಲ್ಲಿ ದಿನಾ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಅವೂ ಇಲ್ಲ. ತನ್ನ ತಾಟಿಗೆ ತಾನೇ ಉತ್ತರ ಹೇಳಬೇಕು ಎಂದು ಚಕ್ರವರ್ತಿಗೂ ಅನಿಸಿತ್ತಲ್ಲ! (ಆ ಅಡುಗೆ ಮಾಡುತ್ತಿದ್ದವರ ಹೆಸರು ಮಾತ್ರ ಆ ಶಾಸನದಲ್ಲಿಲ್ಲ.)

ನಮಗೆ ಬಂಡೆ ಬೇಕಿಲ್ಲ. ಗುರುವಾರ ರಾತ್ರಿಗೆ ಕಾಳುಪಲ್ಯ ಬೇಕೆಂದವನು ಅದನ್ನು ಸಂತೆಗೆ ಹೊರಡುವ ಮೊದಲೇ ಹೇಳಿ, ಮಂಗಳವಾರ ರಾತ್ರಿ ಮಲಗುವ ಮುಂಚೆ ಕಾಳನ್ನು ತಾನೇ ನೆನೆಹಾಕಿ, ಬುಧವಾರ ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಕು. ಮರೆತರೆ ಗುರುವಾರವೂ ಹಿಂಡಿ ರೊಟ್ಟಿಯೇ, ಗೊಣಗುವಂತಿಲ್ಲ.