ಬೇಕಾದದ್ದು ಏನಾದರೂ ಇದೆಯಾ?

ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗ ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ಕೇಳುತ್ತಾನೆ: "ಫಾರ್ಮ್ಯಾಟ್ ಮಾಡ್ತೀನಿ, ಒಳಗೆ ಬೇಕಾದದ್ದು ಏನಾದರೂ ಇದೆಯಾ?" ನಾವು ಅರ್ಧ ನಿಮಿಷ ಯೋಚಿಸಿ "ಏನೂ ಇಲ್ಲ, ಮಾಡು" ಎನ್ನುತ್ತೇವೆ. ಆ ಉತ್ತರ ಕೊಡುವ ಹಕ್ಕು ನಿಜವಾಗಿ ಯಾರದು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಹೊಸಪೇಟೆಯಲ್ಲಿ ನಾನು ಕೆಲವು ವರ್ಷ ಡಿಟಿಪಿ ಅಂಗಡಿ ನಡೆಸಿದವನು. ಮದುವೆ ಕಾರ್ಡು, ಜಾತ್ರೆ ಮತ್ತು ಉರುಸಿನ ಕರಪತ್ರ, ಬಾಡಿಗೆ ಕರಾರು, ಅರ್ಜಿ ಎಲ್ಲವೂ ನುಡಿಯಲ್ಲಿ ಟೈಪಾಗುತ್ತಿದ್ದವು. ಕಾಲುವೆ ನೀರಿಗಾಗಿ ಅರ್ಜಿ ಬರೆಸಲು ಕಂಪ್ಲಿ ಕಡೆಯ ರೈತರು ಬರುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಬೇರೊಂದು ಬಗೆಯ ಪತ್ರಗಳು ಶುರುವಾದವು. ಸಾಲ ಮಾಡಿ ಲಾರಿ ಕೊಂಡು ಸಂಡೂರಿನ ಅದಿರು ಸಾಗಿಸುತ್ತಿದ್ದವರು ಕಂತಿಗೆ ಕಾಲಾವಕಾಶ ಕೇಳಿ ಬರೆಸುತ್ತಿದ್ದ ಪತ್ರಗಳವು. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅರ್ಜಿ ಬರೆಸಲು ಬಂದವರು ಎಷ್ಟೋ ಸಲ ತಮ್ಮ ಸಂಸಾರದ ಕಥೆಯನ್ನೇ ಬರೆಸಿ ಹೋಗುತ್ತಿದ್ದರು.

ಒಮ್ಮೆ ನನ್ನ ಕಂಪ್ಯೂಟರಿಗೆ ವೈರಸ್ ಬಂದು ವಿಂಡೋಸ್ ಮತ್ತೆ ಹಾಕಿಸಬೇಕಾಯಿತು. ಮದುವೆ ಕಾರ್ಡಿನ ಡಿಸೈನುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ, ಅವು ದುಡ್ಡು ತರುವಂಥವು. ಡೆಸ್ಕ್‌ಟಾಪಿನ ಮೇಲೆ 'ಹಳೇದು' ಎಂಬ ಹೆಸರಿನ ಫೋಲ್ಡರ್ ಇತ್ತು. ಅದನ್ನು ತೆರೆದು ನೋಡುವ ತಾಳ್ಮೆ ನನಗಿರಲಿಲ್ಲ. ಡೆಸ್ಕ್‌ಟಾಪಿನ ಮೇಲೆ ಕಾಣುವುದೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆ, ಫಾರ್ಮ್ಯಾಟ್ ಆಗುವುದೂ ಅದೇ. "ಏನೂ ಬೇಡ" ಎಂದೆ.

ಕೆಲವು ತಿಂಗಳ ನಂತರ ಕಂಪ್ಲಿಯಿಂದ ಒಬ್ಬ ಮುದುಕರು ಬಂದರು. ಲಾರಿ ಇಟ್ಟುಕೊಂಡಿದ್ದ ಅವರ ಮಗ ನನ್ನ ಅಂಗಡಿಯಲ್ಲಿ ಕೂತು ಒಂದು ಪತ್ರ ಬರೆಸಿದ್ದನಂತೆ. ಆತ ಈಗ ಇರಲಿಲ್ಲ. ಪತ್ರ ಸಾಲ ಕೊಟ್ಟವರ ಕೈಸೇರಿತ್ತು, ಮನೆಯಲ್ಲಿ ನಕಲು ಇರಲಿಲ್ಲ. "ಅಜ್ಜಾರ, ಆ ಸಾಲದ ಕೇಸು ಇನ್ನೂ ನಡೀತೈತೇನು?" ಎಂದು ಕೇಳಿದೆ. "ಕೇಸು ಗೀಸು ಏನಿಲ್ಲ ತಮ್ಮಾ. ನಮ್ಮ ಮುಂದೆ ಅವನು ಏನೂ ಹೇಳಿಕೊಳ್ಳಲಿಲ್ಲ. ನಿನ್ನ ಮುಂದೆ ಹೇಳ್ಯಾನ" ಎಂದರು. ಫೈಲ್ ಅಳಿಸಿಹೋಗಿದೆ ಎಂದು ತಿಳಿಸಿದಾಗ ಅವರು ಸಿಟ್ಟಾಗಲಿಲ್ಲ. "ಟೈಪ್ ಮಾಡಿದವನು ನೀನೇ ಅಲ್ಲ, ಏನಾರ ನೆನಪೈತೇನು?" ಎಂದಷ್ಟೇ ಕೇಳಿದರು. ನನಗೆ ಒಂದು ಸಾಲೂ ನೆನಪಿರಲಿಲ್ಲ.

ಅಳಿಸಿದ ಫೈಲನ್ನು ಹೊರತೆಗೆಯುವ ಸಾಫ್ಟ್‌ವೇರುಗಳಿವೆ. ಆದರೆ ಅದೇ ಜಾಗದ ಮೇಲೆ ಹೊಸದು ಬರೆದುಹೋಗಿದ್ದರೆ ಅವು ಕೈಚೆಲ್ಲುತ್ತವೆ. ನನ್ನ ಡಿಸ್ಕಿನಲ್ಲಿ ಆದದ್ದೂ ಅದೇ.

ನಮ್ಮ ಮನೆಗಳಲ್ಲಿ ಒಬ್ಬರು ನಂಬಿ ಇಟ್ಟುಹೋದ ವಸ್ತುವಿಗೆ ಅಮಾನತ್ ಎನ್ನುತ್ತಾರೆ. ಕಚೇರಿಯ ಕನ್ನಡದಲ್ಲಿ ಅದೇ ಮಾತು ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತದೆ. ಎರಡು ಕಡೆಯೂ ಒಂದು ಅರ್ಥ ಉಳಿದುಕೊಂಡಿದೆ: ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ನಿಮ್ಮಷ್ಟಕ್ಕೆ ನೀವು ಮುಗಿಸಿಬಿಡುವಂತಿಲ್ಲ. ಆ ಪತ್ರವನ್ನು ಯಾರೂ ನನ್ನಲ್ಲಿ ಅಮಾನತ್ತಾಗಿ ಇಟ್ಟಿರಲಿಲ್ಲ ಎಂದು ವಾದಿಸಬಹುದು. ದುಡ್ಡು ಕೊಟ್ಟರು, ಪ್ರಿಂಟ್ ಕೊಟ್ಟೆ, ವ್ಯವಹಾರ ಮುಗಿಯಿತು. ಆದರೆ ಮನೆಯವರಿಗೂ ಹೇಳದ ಮಾತನ್ನು ಒಬ್ಬ ನನ್ನೆದುರು ಹೇಳಿದ್ದ. ನಂಬಿಕೆಗೆ ರಶೀದಿ ಬೇಕೆಂದು ಹೇಳುವುದು ಹೇಗೆ?

ಯಾವುದು ಬೇಕಾಗುತ್ತದೆ ಎಂಬುದು ಇಡುವ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ಇದಕ್ಕೆ ನಮ್ಮ ಪಕ್ಕದ ಹಂಪಿಯೇ ಸಾಕ್ಷಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಚಿತ್ರ ತೆಗೆದ. ಅವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಖಾಸಗಿ ಸಂಗ್ರಹದಲ್ಲಿದ್ದವು. ಬೆಳಕಿಗೆ ಬಂದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಇಂದು 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ನೆತ್ತಿಯಲ್ಲಿ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರವಿತ್ತು, ಈಗ ಇಲ್ಲ. ಗ್ರೀನ್‌ಲಾನ ಚಿತ್ರದಲ್ಲಿ ಅದು ಇದೆ. ಆ ಕಾಗದಗಳನ್ನು ರದ್ದಿ ಎಂದು ಬಿಸಾಡಲು ನೂರು ವರ್ಷಗಳ ಅವಕಾಶವಿತ್ತು. ಯಾರೋ ಬಿಸಾಡಲಿಲ್ಲ.

ಹಾಗೆಂದು ಎಲ್ಲವನ್ನೂ ಎಲ್ಲರದನ್ನೂ ಇಟ್ಟುಕೊಳ್ಳಬೇಕೆಂದು ಹೇಳುತ್ತಿಲ್ಲ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇಂದು ಊರಿನ ಅರ್ಧ ಜನರ ಆಧಾರ್ ಕಾರ್ಡು, ಪಾಸ್‌ಬುಕ್ಕು ಬಿದ್ದಿರುತ್ತವೆ. ಅವನ್ನು ಕೆಲಸ ಮುಗಿದ ಕೂಡಲೇ ಅಳಿಸುವುದೇ ಪ್ರಾಮಾಣಿಕತೆ. ಆದ್ದರಿಂದ ಉಳಿಸುವುದು ಪುಣ್ಯ, ಅಳಿಸುವುದು ಪಾಪ ಎಂಬ ಸುಲಭದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನನ್ನ ತಪ್ಪು ಅಳಿಸಿದ್ದರಲ್ಲಿ ಇರಲಿಲ್ಲ. ತೆರೆದು ನೋಡದೆ, ಯಾರನ್ನೂ ಕೇಳದೆ, ನನಗೆ ಬೇಡವಾದದ್ದು ಯಾರಿಗೂ ಬೇಡ ಎಂದುಕೊಂಡದ್ದರಲ್ಲಿ ಇತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರುಗಳನ್ನು ಅಳಿಸಿ ಹೊಸದು ಹಾಕಿಸುವ ಕೆಲಸ ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್ ರೂಢಿಯಾಗುವ ಮುಂಚೆ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಜೋಪಾನ ಮಾಡಿದರೂ, ಅವುಗಳ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಉರ್ದುವಿನ ಇನ್‌ಪೇಜ್ ಫೈಲಿಗೂ ಅದರದೇ ಸಾಫ್ಟ್‌ವೇರ್ ಬೇಕು. ಫೈಲು ಕೆಟ್ಟಿದೆ ಎಂದುಕೊಂಡು ಡಿಲೀಟ್ ಮಾಡಿದವರನ್ನು ನಾನು ಬಲ್ಲೆ. ಬರಹದ ಜೊತೆ ಓದುವ ದಾರಿಯನ್ನೂ ಉಳಿಸಿಕೊಳ್ಳಬೇಕು. ನಕಲು ಮಾಡಿಕೊಂಡದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಓದಿದ ಮೇಲೆಯೇ ಹಳೆಯದನ್ನು ಅಳಿಸಬೇಕು.

ಈಗ ನಾನು ಅಂಗಡಿ ನಡೆಸುವುದಿಲ್ಲ. ಆದರೆ ಪರಿಚಯದವರು ಯಾರಾದರೂ ಫಾರ್ಮ್ಯಾಟ್ ಮಾಡಿಸುತ್ತೇನೆ ಎಂದರೆ, ಮನೆಯ ಎಲ್ಲರನ್ನೂ ಒಮ್ಮೆ ಕರೆದು ಕೇಳಿ ಎನ್ನುತ್ತೇನೆ. ಮಗಳು ಎಲ್ಲೋ ಒಂದು ಕಡೆ ಏನೋ ಬರೆದಿಟ್ಟಿರಬಹುದು. ಅಮ್ಮನ ದನಿ ಯಾವುದೋ ಮದುವೆಯ ವಿಡಿಯೋದಲ್ಲಿ ಉಳಿದಿರಬಹುದು. ಕೇಳುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಿಕೊಂಡವನು ನಾನು. ಕಂಪ್ಲಿಯ ಆ ಅಜ್ಜ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.